ಆಟಗಾರನೂ ದುಡಿಮೆಗಾರನೇ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಫುಟ್‌ಬಾಲ್ ಹಣವಂತರ ವಿಷಯ, ಗಿರಣಿಯವರಿಗೂ ಅಂಗಡಿಯವರಿಗೂ ಅದರಿಂದೇನು ಎಂದು ನೀವು ಕೇಳಬಹುದು. ಬೆಲ್ಜಿಯಂ ದೇಶದ ಒಬ್ಬ ಆಟಗಾರನ ಸಂಗತಿ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಜಾನ್-ಮಾರ್ಕ್ ಬೋಸ್ಮನ್ ಎಂಬಾತ ಲಿಯೇಜ್ ನಗರದ ಕ್ಲಬ್ಬಿನಲ್ಲಿ ಆಡುತ್ತಿದ್ದ. 1990ರ ಜೂನ್‌ನಲ್ಲಿ ಅವನ ಕರಾರು ಮುಗಿಯುವುದಿತ್ತು. ತಿಂಗಳಿಗೆ 1,20,000 ಫ್ರಾಂಕ್ ಪಡೆಯುತ್ತಿದ್ದವನಿಗೆ ಇನ್ನು 30,000 ಮಾತ್ರ ಎಂದಿತು ಕ್ಲಬ್ಬು. ಅವನು ಒಪ್ಪಲಿಲ್ಲ. ಫ್ರಾನ್ಸಿನ ಡನ್‌ಕರ್ಕ್ ಕ್ಲಬ್ಬು ಅವನನ್ನು ತೆಗೆದುಕೊಳ್ಳಲು ಒಪ್ಪಿತು. ಆದರೆ ಕರಾರು ಮುಗಿದಿದ್ದರೂ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ತೆರಬೇಕೆಂಬುದು ಫುಟ್‌ಬಾಲ್ ಸಂಘಗಳ ನಿಯಮವಾಗಿತ್ತು. ಡನ್‌ಕರ್ಕ್‌ಗೆ ಆ ಶಕ್ತಿಯಿಲ್ಲವೆಂದು ಶಂಕಿಸಿದ ಲಿಯೇಜ್ ಕ್ಲಬ್ಬು ವರ್ಗಾವಣೆಗೆ ಅವಕಾಶ ಕೊಡಲಿಲ್ಲ. ಇತ್ತ ಆಟವಿಲ್ಲ, ಅತ್ತ ಕೆಲಸವಿಲ್ಲ. ಲೆಕ್ಕ ಚುಕ್ತಾ ಮಾಡಿದ ಮೇಲೂ ಮಾಲೀಕ ನಿಮ್ಮನ್ನು ಬೇರೆ ಗಿರಣಿಗೆ ಹೋಗಗೊಡದಿದ್ದರೆ ಅದಕ್ಕೆ ಏನೆನ್ನುತ್ತೀರಿ? ಜೀತವೆನ್ನುವುದಿಲ್ಲವೇ?

ಬೋಸ್ಮನ್ ನ್ಯಾಯಾಲಯಕ್ಕೆ ಹೋದ. 1957ರಲ್ಲಿ ಯೂರೋಪಿನ ಆರು ರಾಷ್ಟ್ರಗಳು ರೋಮ್‌ನಲ್ಲಿ ಮಾಡಿಕೊಂಡ ಒಪ್ಪಂದದ 48ನೆಯ ವಿಧಿ, ಒಂದು ಸದಸ್ಯ ರಾಷ್ಟ್ರದ ಕಾರ್ಮಿಕ ಇನ್ನೊಂದಕ್ಕೆ ಹೋಗಿ ದುಡಿಯಬಹುದೆನ್ನುತ್ತಿತ್ತು. ಈ ಕಾನೂನು ಕ್ರೀಡಾ ಸಂಘಗಳನ್ನೂ ಕಟ್ಟಿಹಾಕುತ್ತದೆಂದು ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪಿತ್ತಿತು. ಕರಾರು ಮುಗಿದವನಿಗೆ ಬೆಲೆ ಕಟ್ಟುವ ಪದ್ಧತಿ ಸದಸ್ಯ ರಾಷ್ಟ್ರಗಳ ನಡುವೆ ಬಿದ್ದುಹೋಯಿತು. ಆ ರಾಷ್ಟ್ರಗಳ ಆಟಗಾರರನ್ನು ವಿದೇಶೀಯರೆಂದು ಲೆಕ್ಕ ಹಾಕಿ ತಂಡದಿಂದ ಹೊರಗಿಡುವ ನಿಯಮವೂ ಬಿತ್ತು.

ವ್ಯಾಪಾರಿ ಮಿತ್ರರು ಇನ್ನೊಂದು ಮುಖವನ್ನೂ ನೋಡಬೇಕು. ಆ ಹಣ ನಿಂತರೆ ಸಣ್ಣ ಕ್ಲಬ್ಬುಗಳು ಉಳಿಯುವುದೆಂತು ಎಂದು ಸಂಘಗಳು ವಾದಿಸಿದ್ದವು. ಅವುಗಳನ್ನು ಉಳಿಸುವ ಉದ್ದೇಶ ನ್ಯಾಯವಾದದ್ದೇ, ಆದರೆ ಆಟಗಾರನ ಸ್ವಾತಂತ್ರ್ಯ ಕಸಿಯದೆಯೂ ಅದನ್ನು ಸಾಧಿಸಬಹುದು ಎಂದಿತು ನ್ಯಾಯಾಲಯ. ಕ್ಲಬ್ಬುಗಳ ಆದಾಯದಲ್ಲಿ ಒಂದು ಪಾಲನ್ನು ಎಲ್ಲರಿಗೂ ಹಂಚುವುದು ಅಂಥ ಒಂದು ದಾರಿ. ದೊಡ್ಡ ಕ್ಲಬ್ಬುಗಳು ಆ ದಾರಿಯಲ್ಲಿ ಎಷ್ಟು ದೂರ ನಡೆದವು? ಒಳ್ಳೆಯ ಆಟಗಾರರು ದುಡ್ಡಿದ್ದ ಕಡೆಗೆ ಹರಿದರು. ದೊಡ್ಡವರು ಮತ್ತಷ್ಟು ದೊಡ್ಡವರಾದರು. ತೀರ್ಪು ಬರುವಾಗ 31 ವರ್ಷದವನಾಗಿದ್ದ ಬೋಸ್ಮನ್ ಮಾತ್ರ ಆಟ ಕಳೆದುಕೊಂಡು ಮುಂದೆ ಕಷ್ಟಕ್ಕೆ ಬಿದ್ದ.

ಹೋರಾಟ ಅಲ್ಲಿಗೇ ಮುಗಿಯಲಿಲ್ಲ. ಕರಾರು ಮಧ್ಯದಲ್ಲೇ ಮುರಿದರೆ ಆಟಗಾರನ ಜೊತೆಗೆ ಹೊಸ ಕ್ಲಬ್ಬನ್ನೂ ಪರಿಹಾರಕ್ಕೆ ಹೊಣೆ ಮಾಡುತ್ತಿದ್ದ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮಗಳು ಕಾನೂನಿಗೆ ವಿರುದ್ಧವೆಂದು ಅದೇ ನ್ಯಾಯಾಲಯ 2024ರ ಅಕ್ಟೋಬರ್ 4ರಂದು, ಲಸ್ಸಾನಾ ಡಿಯಾರಾ ಎಂಬ ಫ್ರೆಂಚ್ ಆಟಗಾರನ ಮೊಕದ್ದಮೆಯಲ್ಲಿ, ಹೇಳಿತು.

ಬಂಧುಗಳೇ, ದುಡಿಮೆಗಾರನ ಕಾಲಿನ ಸರಪಳಿಯನ್ನು ಕಾನೂನು ಕಡಿಯಬಲ್ಲದು. ಗಳಿಕೆಯನ್ನು ಹಂಚಿಸುವುದು ತೀರ್ಪೊಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಸಂಘಟನೆ ಬೇಕು.