ಹಳೆಯ ಫುಟ್‌ಬೋರ್ಡು ಕೊಯ್ಯುವ ಮುನ್ನ
(ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ನಮ್ಮ ವಿಷಯ ಬಹಳ ಚಿಕ್ಕದು. ತುಕ್ಕು ಹಿಡಿದ ಹಳೆಯ ಟೆಂಪೋದ ಫುಟ್‌ಬೋರ್ಡನ್ನು ಕೊಯ್ದು ತೆಗೆಯಲು ಯಾವ ಹತ್ಯಾರು ಬೇಕು ಎಂಬುದಷ್ಟೇ. ಇದಕ್ಕೂ ಒಂದು ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ. ನಮ್ಮಲ್ಲಿ ಹೋಟೆಲುಗಳಿಗೆ ತರಕಾರಿ, ಹಾಲು, ಸಿಲಿಂಡರು ಸಾಗಿಸಲು ಟೆಂಪೋ ಇಟ್ಟವರಿದ್ದಾರೆ. ಗಿರಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರರಾಗಿ ಪಳಗಿ, 1982ರ ಮುಷ್ಕರದ ಬಳಿಕ ಗ್ಯಾರೇಜು ಸೇರಿದ ಹಿರಿಯರೂ ಇದ್ದಾರೆ. ಈ ಮುಂಬಯಿಯ ನಾಲ್ಕು ತಿಂಗಳ ಮಳೆ, ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತವೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಸದಸ್ಯರೊಬ್ಬರ ಟೆಂಪೋದ ಫುಟ್‌ಬೋರ್ಡು ಹಪ್ಪಳದಂತಾಗಿತ್ತು. ಕಾಲಿಟ್ಟರೆ ಮುರಿಯುವ ಸ್ಥಿತಿ. ರಜೆಯ ದಿನ ನಾವು ನಾಲ್ವರು ಕೂಡಿದೆವು. “ಗ್ಯಾಸ್ ಕಟರು ತರೋಣ, ಐದು ನಿಮಿಷದ ಕೆಲಸ” ಎಂದು ಒಬ್ಬರು. “ಗ್ರೈಂಡರು ಸಾಕು” ಎಂದು ಇನ್ನೊಬ್ಬರು. ನಮ್ಮ ಹಿರಿಯ ಫಿಟ್ಟರರು ಮಾತ್ರ ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಗಾಡಿಯ ಅಡಿಗೆ ನುಸುಳಿದರು. ಅಲ್ಲಿಂದಲೇ ಕೇಳಿದರು: “ಹತ್ಯಾರು ಆಮೇಲೆ ನೋಡೋಣ ತಮ್ಮಾ. ಹೋಗಬೇಕಾದದ್ದು ನಿನಗೆ ಗೊತ್ತು. ಉಳಿಯಬೇಕಾದದ್ದು ಯಾವುದು, ಅದನ್ನು ಮೊದಲು ಹೇಳು.”

ನಾವೂ ಬಗ್ಗಿ ನೋಡಿದೆವು. ತಗಡಿನ ಹಿಂದೆಯೇ ಬ್ರೇಕಿನ ಪೈಪು. ಅದರ ಪಕ್ಕದಲ್ಲಿ ವೈರುಗಳ ಕಟ್ಟು. ಒಂದು ಮೊಳ ದೂರದಲ್ಲಿ ಡೀಸೆಲ್ ಟ್ಯಾಂಕು. ಐದು ನಿಮಿಷದ ಕೆಲಸ ಎಂದವರು ಸುಮ್ಮನಾದರು. ಬಂಧುಗಳೆ, ನಾವು ಇಂದು ಹೇಳಬೇಕೆಂದಿರುವುದು ಇದೊಂದೇ. ಹತ್ಯಾರನ್ನು ಆರಿಸುವುದು ಕೊಯ್ಯುವ ಹಲಗೆಯನ್ನು ನೋಡಿ ಅಲ್ಲ. ಅದರ ಹಿಂದೆ ಉಳಿಯಬೇಕಾದದ್ದನ್ನು ನೋಡಿ. ಆ ಉಳಿಯಬೇಕಾದವುಗಳಲ್ಲಿ ನಮ್ಮ ಕಣ್ಣೂ ಕೈಯೂ ಸೇರಿವೆ.

ಮೊದಲನೆಯದಾಗಿ, ಕೊಯ್ಯಲೇಬೇಕೇ ಎಂದು ವಿಚಾರಿಸಿರಿ. ಬೋಲ್ಟಿನಿಂದ ಕೂರಿಸಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬೆಳಿಗ್ಗೆ ಪಾನಾ ಹಚ್ಚಿದರೆ ಎಷ್ಟೋ ಸಲ ಬಿಚ್ಚಿಕೊಳ್ಳುತ್ತದೆ. ರಿವೆಟ್ಟು ಇದ್ದರೆ ತಲೆಯ ನಡುವೆ ಪಂಚು ಹೊಡೆದು, ರಿವೆಟ್ಟಿನ ಕಾಂಡದಷ್ಟೇ ದಪ್ಪದ ಬಿಟ್ಟಿನಿಂದ ತಲೆಯನ್ನು ಕೊರೆದು, ಉಳಿದದ್ದನ್ನು ತಟ್ಟಿ ಹೊರದೂಡಿರಿ. ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿದ್ದರೆ ಆ ಚುಕ್ಕೆಗಳನ್ನು ಹುಡುಕಿ, ಮೇಲಿನ ತಗಡು ಮಾತ್ರ ಬಿಡುವಷ್ಟು ಕೊರೆಯಿರಿ. ಅಡಿಯ ಪಟ್ಟಿ ಕೆಡದೆ ಹೊಸ ಹಲಗೆಗೆ ಆಸರೆಯಾಗಿ ಉಳಿಯುತ್ತದೆ. ಡ್ರಿಲ್ಲು ಹಿಡಿದಾಗ ಮಾತ್ರ ಬಟ್ಟೆಯ ಕೈಚೀಲ ಬೇಡ. ತಿರುಗುವ ಬಿಟ್ಟು ಅದನ್ನು ಸುತ್ತಿಕೊಂಡು ಬೆರಳನ್ನೂ ಎಳೆಯುತ್ತದೆ.

ಎರಡನೆಯದು ಹ್ಯಾಕ್ಸಾ. ನಿಧಾನ, ಆದರೆ ಕಿಡಿಯಿಲ್ಲ. ಟ್ಯಾಂಕಿನ ಬಳಿ ಇದಕ್ಕಿಂತ ನಂಬಿಗಸ್ತ ಗೆಳೆಯ ಬೇರೆ ಇಲ್ಲ. ಬ್ಲೇಡಿನ ಮೇಲೆ ಇಂಚಿಗೆ ಎಷ್ಟು ಹಲ್ಲು ಎಂದು ಬರೆದಿರುತ್ತದೆ: 14, 18, 24, 32. ಕೊಯ್ಯುವಾಗ ಕನಿಷ್ಠ ಮೂರು ಹಲ್ಲಾದರೂ ಲೋಹದ ಮೇಲೆ ಕೂತಿರಬೇಕು ಎಂಬುದು ಫಿಟ್ಟರರ ಹಳೆಯ ನಿಯಮ. ಆದುದರಿಂದ ತೆಳು ತಗಡಿಗೆ 32 ಹಲ್ಲಿನದೇ ಸರಿ; ಅದೂ ಬ್ಲೇಡನ್ನು ಓರೆಯಾಗಿ ಹಿಡಿದು. 14 ಹಲ್ಲಿನದನ್ನು ತಗಡಿಗೆ ಹಚ್ಚಿದರೆ ತಗಡು ಸಿಕ್ಕಿಕೊಂಡು ಹಲ್ಲು ಉದುರುತ್ತದೆ. ಹಲ್ಲಿನ ಮೊನೆ ಮುಂದಕ್ಕಿರಲಿ. ತಳ್ಳುವಾಗ ಭಾರ, ಎಳೆಯುವಾಗ ಹಗುರ. ಚೌಕಟ್ಟು ನುಗ್ಗದ ಇಕ್ಕಟ್ಟಿನಲ್ಲಿ ಬ್ಲೇಡಿನ ಒಂದು ತುದಿಗೆ ಬಟ್ಟೆ ಬಿಗಿದು ಕೈಯಲ್ಲೇ ಹಿಡಿದು ಕೊಯ್ಯಬಹುದು. ತೆರೆದ ಅಂಚಿಗೆ ತಗಡಿನ ಕತ್ತರಿ ಸಾಕು.

ಮೂರನೆಯದು ಗ್ರೈಂಡರು. ಎಲ್ಲರಿಗೂ ಪ್ರಿಯವಾದದ್ದು, ಎಲ್ಲರೂ ಹಗುರವಾಗಿ ಕಾಣುವಂಥದು. ನಾಲ್ಕು ಇಂಚಿನ ಯಂತ್ರ ಮಿನಿಟಿಗೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಚಕ್ರದ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಆ ಚಕ್ರವಾದರೂ ಎಷ್ಟು ದಪ್ಪ? ಒಂದು ಮಿಲಿಮೀಟರಿನ ಆಸುಪಾಸು. ಅದು ಒಡೆದರೆ ಚೂರು ಎತ್ತ ಹಾರುವುದೆಂದು ಹೇಳಬಲ್ಲವರಿಲ್ಲ. ಗಾರ್ಡು ಬಿಚ್ಚಿ ಹಿಡಿಯಬಾರದು. ಕೊಯ್ಯುವ ಚಕ್ರದ ಮಗ್ಗುಲಿನಿಂದ ಉಜ್ಜಬಾರದು. ಚಕ್ರದ ಮೇಲೆ ಬರೆದ ವೇಗಮಿತಿ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಸೀಳು ಮುಚ್ಚಿಕೊಂಡು ಚಕ್ರವನ್ನು ಕಚ್ಚದಂತೆ, ಬೀಳುವ ತುಂಡಿಗೆ ಆಸರೆ ಕೊಡಬೇಕು. ಲುಂಗಿ, ಹೋಟೆಲಿನ ಏಪ್ರನ್, ಕೊರಳಿನ ಟವೆಲು, ಇವು ಯಾವುವೂ ಈ ಯಂತ್ರದ ಬಳಿ ಸಲ್ಲವು. ಬ್ಯಾಟರಿಯ ಸಂಪರ್ಕ ತೆಗೆದು, ಕಿಡಿ ಟ್ಯಾಂಕಿನ ಕಡೆಗೆ ಹಾರದಂತೆ ನಿಂತು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿರಿ.

ನಾಲ್ಕನೆಯದು ಗ್ಯಾಸ್ ಕಟರು. ಕಾದ ಉಕ್ಕನ್ನು ಆಮ್ಲಜನಕದಲ್ಲಿ ಸುಡುವುದೇ ಅದರ ಗುಟ್ಟು. ದಪ್ಪ ಕಬ್ಬಿಣಕ್ಕೆ ಅದು ರಾಜ. ತೆಳು ತಗಡಿಗೆ ಶತ್ರು. ತಗಡು ಡೊಂಕಾಗುತ್ತದೆ, ಬಣ್ಣ ಉರಿಯುತ್ತದೆ, ಹಿಂದಿನ ಪೈಪು ಬೇಯುತ್ತದೆ. ಸತುವಿನ ಲೇಪವಿರುವ ತಗಡಾದರೆ ಬಿಳಿಯ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬರುತ್ತದೆ. ಮಲೇರಿಯವೆಂದು ತಿಳಿದು ಮಲಗಿದವರನ್ನು ನಾವು ಕಂಡಿದ್ದೇವೆ. ಫುಟ್‌ಬೋರ್ಡು ಅಲ್ಯೂಮಿನಿಯಮ್ಮಿನದಾಗಿದ್ದರೆ ಈ ಕಟರು ನಡೆಯುವುದೇ ಇಲ್ಲ. ಕಬ್ಬಿಣಕ್ಕೆಂದು ತಂದ ಗ್ರೈಂಡರಿನ ಚಕ್ರಕ್ಕೂ ಮೆತ್ತನೆಯ ಲೋಹ ಮೆತ್ತಿಕೊಂಡು ಅದು ಕೊಯ್ಯುವುದನ್ನು ನಿಲ್ಲಿಸುತ್ತದೆ. ಅಲ್ಲಿ ಗರಗಸದ ಹಲ್ಲೇ ಮೇಲು.

ಇನ್ನು ಕಣ್ಣಿನ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗನೊಬ್ಬ ಗ್ಯಾರೇಜೊಂದರಲ್ಲಿ ಕನ್ನಡಕವಿಲ್ಲದೆ ಗ್ರೈಂಡರು ಹಿಡಿದ. ಕಣ್ಣಿಗೆ ಚೂರು ಸಿಡಿಯಿತು. ಜೊತೆಗಾರನೊಬ್ಬ ಕಡ್ಡಿಗೆ ಬಟ್ಟೆ ಸುತ್ತಿ ಕೆದಕಿದ. ಎಲ್ಲರೂ ಹಾಗೆಯೇ ಮಾಡುತ್ತಾರಲ್ಲ! ಆಸ್ಪತ್ರೆಗೆ ಹೋದದ್ದು ಮೂರನೆಯ ದಿನ. ಅಷ್ಟರಲ್ಲಿ ಕರಿಗುಡ್ಡೆಯ ಮೇಲೆ ತುಕ್ಕಿನ ಉಂಗುರ ಮೂಡಿತ್ತು. ಕಣ್ಣು ಉಳಿಯಿತು, ನೋಟ ಮೊದಲಿನಂತಾಗಲಿಲ್ಲ. ಇಂದಿಗೂ ಅವನು ರಾತ್ರಿ ದೀಪ ನೋಡಿದರೆ ಅದರ ಸುತ್ತ ಮಂಜು ಎನ್ನುತ್ತಾನೆ. ಆದುದರಿಂದ ಉಜ್ಜಬೇಡಿರಿ, ಕೆದಕಬೇಡಿರಿ, ಯಾರಿಗೂ ಕೆದಕಗೊಡಬೇಡಿರಿ; ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಿರಿ. ಚೂರು ಹಾರುವ ಕೆಲಸಕ್ಕೆ ಕನ್ನಡಕವನ್ನೋ ಮರೆಯನ್ನೋ ಒದಗಿಸಬೇಕೆಂದು 1948ರ ಕಾರಖಾನೆ ಕಾಯಿದೆಯ 35ನೆಯ ಕಲಮೇ ಹೇಳಿತ್ತು. ಕನ್ನಡಕ ಕೇಳುವುದು ಭಿಕ್ಷೆಯಲ್ಲ. ಧಣಿಯ ಮುಂದೆ ಅದನ್ನು ಕೇಳಲು ನಾಚಬೇಡಿರಿ.

ಆ ಟೆಂಪೋದ ಕಥೆ ಮುಗಿಸುತ್ತೇವೆ. ರಿವೆಟ್ಟುಗಳನ್ನು ಕೊರೆದೆವು. ಟ್ಯಾಂಕಿನ ಕಡೆಯ ಭಾಗವನ್ನು ಹ್ಯಾಕ್ಸಾದಿಂದ ಕೊಯ್ದೆವು. ಹಲಗೆ ಕೆಳಗಿಳಿದ ಮೇಲೆ ಅದನ್ನು ದೂರ ಒಯ್ದು ಗ್ರೈಂಡರಿನಿಂದ ತುಂಡು ಮಾಡಿ ಭಂಗಾರಿನವನಿಗೆ ಕೊಟ್ಟೆವು. ಐದು ನಿಮಿಷದ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಎರಡು ಸಲ ಚಹಾ ಆಯಿತು. ಆದರೆ ಬ್ರೇಕಿನ ಪೈಪಿಗೆ ಗೀರು ಸಹ ಬೀಳಲಿಲ್ಲ. ಹೊಸ ಹಲಗೆಯನ್ನು ವೆಲ್ಡ್ ಮಾಡದೆ ಬೋಲ್ಟು ಹಾಕಿ ಕೂರಿಸಿದೆವು. ಮುಂದೆ ಅದನ್ನು ಬಿಚ್ಚುವವನು ನಾವಿಲ್ಲದಿದ್ದರೂ ಒಂದು ಪಾನಾದಿಂದ ಬಿಚ್ಚಿಕೊಳ್ಳಲಿ ಎಂದು.

ನಮ್ಮ ಹ್ಯಾಕ್ಸಾ, ಡ್ರಿಲ್ಲು, ಎರಡು ಜೊತೆ ಕನ್ನಡಕ ಇಲ್ಲಿಯೇ ಮೇಜಿನ ಮೇಲಿವೆ. ಕೂಟ ಮುಗಿದ ಮೇಲೆ ಹಿಡಿದು ನೋಡಿರಿ. ಬೇಕಾದವರು ಒಯ್ಯಲೂಬಹುದು, ಕನ್ನಡಕವನ್ನು ಬಿಟ್ಟು ಹತ್ಯಾರು ಮಾತ್ರ ಒಯ್ಯುವವರಿಗೆ ಕೊಡುವುದಿಲ್ಲ.