ಬದುಕಿ ಬಂದ ಸಿಪಾಯಿಯ ಜಾಡು

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾಲಾಳು ಪಡೆಯಲ್ಲಿದ್ದ ಮುತ್ತಜ್ಜನ ಸೇವೆಯ ವಿವರ ಹುಡುಕಿ ಹೊರಡುವ ಅಲ್ಲಿನ ಮರಿಮಕ್ಕಳಿಗೆ ದಾರಿಯಲ್ಲಿ ಅಡ್ಡ ನಿಲ್ಲುವುದು ಎರಡನೆಯ ಮಹಾಯುದ್ಧ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿದಾಗ ಆರ್ನ್‌ಸೈಡ್ ಬೀದಿಯಲ್ಲಿದ್ದ ಯುದ್ಧ ಇಲಾಖೆಯ ದಾಖಲೆಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಮೊದಲ ಯುದ್ಧದ ಸಾಮಾನ್ಯ ಸಿಪಾಯಿಗಳ ಸೇವಾ ಕಡತಗಳಲ್ಲಿ ನೂರಕ್ಕೆ ಸುಮಾರು 60 ಪಾಲು ಬೂದಿಯಾಯಿತು. ಉಳಿದ ಹಾಳೆಗಳಲ್ಲಿ ಎಷ್ಟೋ ಅಂಚು ಸುಟ್ಟವು, ನೀರಿನಲ್ಲಿ ನೆನೆದವು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅವುಗಳಿಗೆ ‘ಸುಟ್ಟ ದಾಖಲೆಗಳು’ ಎಂದೇ ಹೆಸರು.

ಕಡತ ಹೋದರೆ ಎಲ್ಲವೂ ಹೋದಂತಲ್ಲ. ಆದರೆ ಇಲ್ಲೊಂದು ವಿಚಿತ್ರವಿದೆ. ಮುತ್ತಜ್ಜ ಯುದ್ಧದಲ್ಲಿ ಸತ್ತಿದ್ದರೆ ಆತನನ್ನು ಪತ್ತೆಮಾಡುವುದು ಸುಲಭ. ಬದುಕಿ ಊರಿಗೆ ಮರಳಿ, ಹಳೆಯ ಗಿರಣಿಯ ಕೆಲಸಕ್ಕೇ ಸೇರಿ, ಮುಪ್ಪಿನಲ್ಲಿ ಕಣ್ಣು ಮುಚ್ಚಿದ್ದರೆ ಕಷ್ಟ. ಸತ್ತವನ ಹೆಸರು 1917ರಲ್ಲಿ ಸ್ಥಾಪನೆಯಾದ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿರುತ್ತದೆ. 1921ರಲ್ಲಿ ಅಚ್ಚಾದ ಮೃತರ ಸಂಪುಟಗಳಲ್ಲಿ ಆತ ಸೇನೆ ಸೇರಿದ ಊರಿನ ಹೆಸರೂ ಸಿಗಬಹುದು. ಬಾಕಿ ಸಂಬಳ ಯಾರ ಕೈಸೇರಿತು, ತಾಯಿಗೋ ಹೆಂಡತಿಗೋ ಎಂಬುದಕ್ಕೂ ಲೆಕ್ಕದ ಪುಸ್ತಕವಿದೆ. ದೇಹವೇ ಸಿಗದಿದ್ದರೆ ಕಲ್ಲಿನ ಮೇಲೆ ಹೆಸರು. ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕವೊಂದರಲ್ಲೇ ಗೋರಿ ಕಾಣದವರ 72,000ಕ್ಕೂ ಹೆಚ್ಚು ಹೆಸರುಗಳಿವೆ. ಬದುಕಿ ಬಂದವನಿಗೆ ಇವು ಯಾವುವೂ ಇಲ್ಲ.

ಲ್ಯಾಂಕಶೈರಿನ ಆಕ್ರಿಂಗ್ಟನ್ ಪಟ್ಟಣವನ್ನೇ ನೋಡಿ. ಬಟ್ಟೆ ಗಿರಣಿಗಳ ಆ ಊರಿನಲ್ಲೂ ಅಕ್ಕಪಕ್ಕದ ಊರುಗಳಲ್ಲೂ 1914ರಲ್ಲಿ ನೆರೆಹೊರೆಯವರು, ಅಣ್ಣತಮ್ಮಂದಿರು, ಜೊತೆಗೆ ಕೆಲಸ ಮಾಡುವವರು ಒಟ್ಟಾಗಿ ಹೆಸರು ಬರೆಸಿದರು. ಅವರದೇ ಈಸ್ಟ್ ಲ್ಯಾಂಕಶೈರ್ ರೆಜಿಮೆಂಟಿನ 11ನೆಯ ಬೆಟಾಲಿಯನ್. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ಬೆಳಿಗ್ಗೆ, ಸೆರ್ ಎಂಬ ಹಳ್ಳಿಯ ಮೇಲೆ ಏರಿಹೋದ ಇವರ ಸುಮಾರು 720 ಮಂದಿಯಲ್ಲಿ 584 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಸತ್ತವರ ಬಗ್ಗೆ ಇಂದಿಗೂ ಹೆಸರು ಹಿಡಿದು ಮಾತಾಡಬಹುದು. ಗಾಯವಿಲ್ಲದೆ ಹಿಂತಿರುಗಿದವರು ಕೂಡುವ ಕಳೆಯುವ ಲೆಕ್ಕದಲ್ಲಿ ಉಳಿಯುವ ಒಂದು ಅಂಕಿ ಮಾತ್ರ.

ಆ ಅಂಕಿಯೊಳಗೆ ಮುತ್ತಜ್ಜನಿದ್ದನೇ ಎಂದು ತಿಳಿಯಲು ಹೊರಟವರು ಹೆಸರನ್ನೇ ನೆಚ್ಚಿಕೊಂಡರೆ ಕೆಟ್ಟರು. ಜಾನ್ ಸ್ಮಿತ್ ಎಂಬವರು ಸಾವಿರಾರು ಮಂದಿ. ಕೈಹಿಡಿಯುವುದು ನಂಬರು. ಅದರಲ್ಲೂ ತೊಡಕಿದೆ: 1920ರವರೆಗೆ ಇಡೀ ಸೇನೆಗೆ ಒಂದೇ ಕ್ರಮದ ನಂಬರು ಇರಲಿಲ್ಲ. ಒಂದು ರೆಜಿಮೆಂಟಿನಿಂದ ಇನ್ನೊಂದಕ್ಕೆ ಹೋದವನಿಗೆ ಹೊಸ ನಂಬರು. ಊರಕಾವಲಿಗೆಂದು ಕಟ್ಟಿದ ಟೆರಿಟೋರಿಯಲ್ ಪಡೆಗಳವರಿಗೆ 1917ರಲ್ಲಿ ಮತ್ತೆ ಆರಂಕಿಯ ನಂಬರು.

ಈ ನಂಬರು ಮನೆಯಲ್ಲೇ ಸಿಗುವ ಜಾಗವೊಂದಿದೆ. ಮೊದಲ ಯುದ್ಧದ ಬ್ರಿಟಿಷ್ ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು, ರೆಜಿಮೆಂಟು ಕೆತ್ತಿರುತ್ತಾರೆ. (ಎರಡನೆಯ ಯುದ್ಧದಲ್ಲಿ ಬ್ರಿಟನ್ ತನ್ನ ಸಿಪಾಯಿಗಳ ಪದಕಗಳಿಗೆ ಹೆಸರು ಹಾಕಿಸಲಿಲ್ಲ, ಭಾರತೀಯ ಸೇನೆಯವರ ಪದಕಗಳಿಗೆ ಹಾಕಿಸಲಾಯಿತು. ಕೊಡಗಿನಲ್ಲೋ ಬೆಂಗಳೂರಿನಲ್ಲೋ ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ಒರೆಸಿ ಓದಿ ನೋಡಬಹುದು.) ಪದಕಗಳ ಸಂಖ್ಯೆಯೂ ಮಾತಾಡುತ್ತದೆ. ಮೂರಿದ್ದು ಅವುಗಳಲ್ಲೊಂದು ನಕ್ಷತ್ರವಾದರೆ ಆತ 1915 ಮುಗಿಯುವುದರೊಳಗೆ ರಣರಂಗ ಸೇರಿದ್ದ. ಎರಡೇ ಇದ್ದರೆ 1916ರಲ್ಲೋ ಆಮೇಲೋ ಹೋದವನು. ‘ನಮ್ಮಜ್ಜ ಮೊದಲ ದಿನದಿಂದಲೂ ಇದ್ದ’ ಎಂಬ ಮನೆಮಾತು ಇಲ್ಲಿ ಬಿದ್ದುಹೋಗುವುದುಂಟು. ಅಂಚಿನ ಮೇಲಿನ ರೆಜಿಮೆಂಟು ಸಾಮಾನ್ಯವಾಗಿ ಆತ ಮೊದಲು ರಣರಂಗಕ್ಕೆ ಹೋದಾಗಿನದು. ಮುಂದೆ ಬೇರೆಡೆಗೆ ಕಳಿಸಿದ್ದರೆ ಪದಕ ಅದನ್ನು ಹೇಳದು.

ರೆಜಿಮೆಂಟು ಗೊತ್ತಾದರೂ ಸಾಲದು, ಬೆಟಾಲಿಯನ್ ಗೊತ್ತಾಗಬೇಕು. ನಾರ್ತಂಬರ್ಲೆಂಡ್ ಫ್ಯೂಸಿಲಿಯರ್ಸ್ ಎಂಬ ಒಂದೇ ರೆಜಿಮೆಂಟು ಆ ಯುದ್ಧದಲ್ಲಿ 50ಕ್ಕೂ ಹೆಚ್ಚು ಬೆಟಾಲಿಯನ್ ಕಟ್ಟಿತ್ತು. ಒಂದು ಫ್ರಾನ್ಸಿನಲ್ಲಿದ್ದರೆ ಇನ್ನೊಂದು ಇಂಗ್ಲೆಂಡ್ ಬಿಟ್ಟು ಹೋಗಿರಲೇ ಇಲ್ಲ. ಬೆಟಾಲಿಯನ್ ಖಚಿತವಾದರೆ ಅದರ ಯುದ್ಧ ದಿನಚರಿಯನ್ನು ತೆರೆಯಬಹುದು. ಎಲ್ಲಿ ತಂಗಿದರು, ಎಂದು ಕಂದಕಕ್ಕೆ ಇಳಿದರು, ಮಳೆ ಬಂತೇ ಎಂಬುದೆಲ್ಲ ಅದರಲ್ಲಿರುತ್ತದೆ. ಅಧಿಕಾರಿ ಗಾಯಗೊಂಡರೆ ಆತನ ಹೆಸರು ಬರೆದಿರುತ್ತಾರೆ. ಸಿಪಾಯಿಗಳಾದರೆ ಹೆಚ್ಚಾಗಿ ‘ಇತರ ದರ್ಜೆಯವರು, ಇಷ್ಟು ಮಂದಿ’ ಎಂದಷ್ಟೇ. ಇಲ್ಲಿ ಆಸೆಯನ್ನು ತುಸು ಹಿಡಿತದಲ್ಲಿಡಬೇಕು. ಆ ದಿನ ಬೆಟಾಲಿಯನ್ ಅಲ್ಲಿತ್ತು ಎನ್ನಬಹುದು. ಮುತ್ತಜ್ಜನೂ ಅಲ್ಲಿದ್ದ ಎನ್ನಲು ಬೇರೆ ಸಾಕ್ಷಿ ಬೇಕು. ಆತ ಆಸ್ಪತ್ರೆಯಲ್ಲಿದ್ದಿರಬಹುದು, ರಜೆಯಲ್ಲಿದ್ದಿರಬಹುದು, ಅಡಿಗೆ ಬಂಡಿಯ ಜೊತೆ ಹಿಂದೆ ಉಳಿದಿರಬಹುದು. ಇಷ್ಟನ್ನು ಬಿಟ್ಟು ಕಟ್ಟಿದ ಕುಟುಂಬ ಚರಿತ್ರೆಗಳು ಓದಲು ಚೆನ್ನಾಗಿರುತ್ತವೆ, ನಂಬಲು ಆಗುವುದಿಲ್ಲ.

ಗಾಯಗೊಂಡು ಮರಳಿದವರ ವಿಷಯದಲ್ಲಿ ಈಚೆಗೆ ದಾರಿ ಸ್ವಲ್ಪ ಸಲೀಸಾಗಿದೆ. ವಿಲೇವಾರಿಯಾಗುವ ಭಯವಿದ್ದ 60 ಲಕ್ಷಕ್ಕೂ ಹೆಚ್ಚು ಪಿಂಚಣಿ ಕಾರ್ಡು, ಲೆಕ್ಕದ ಹಾಳೆಗಳನ್ನು 2012ರಲ್ಲಿ ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಎಂಬ ಇತಿಹಾಸಾಸಕ್ತರ ಸಂಘ ಉಳಿಸಿಕೊಂಡಿತು. ಗಾಯ, ಕಾಯಿಲೆ, ಹೆಂಡತಿ ಮಕ್ಕಳ ವಿವರ ಅವುಗಳಲ್ಲಿ ಸಿಗುತ್ತವೆ.

ಗಾಯವೂ ಆಗದೆ, ಪಿಂಚಣಿಯನ್ನೂ ಕೇಳದೆ ಸುಮ್ಮನಿದ್ದವನಿಗೆ ಬಹಳ ಜನ ಮರೆಯುವ ಇನ್ನೊಂದು ಪಟ್ಟಿ ಇದೆ. ಅದು ಸೇನೆಯ ಪಟ್ಟಿಯಲ್ಲ, ಚುನಾವಣೆಯದು. 1918ರ ಕಾನೂನು ಯುದ್ಧಸೇವೆಯಲ್ಲಿದ್ದ 19 ದಾಟಿದ ಗಂಡಸರಿಗೂ ಮತ ಕೊಟ್ಟಿತು. ಊರಲ್ಲಿಲ್ಲದ ಆ ಮತದಾರರ ಹೆಸರುಗಳನ್ನು ಬೇರೆಯಾಗಿ ಬರೆದು ಅಚ್ಚು ಹಾಕಿಸಿದರು. ಎಲ್ಲ ಊರುಗಳ ಪಟ್ಟಿ ಉಳಿದಿಲ್ಲ. ಉಳಿದವು ಹೆಚ್ಚಾಗಿ ಊರಿನ ಗ್ರಂಥಾಲಯಗಳಲ್ಲಿ, ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಇವೆ. ಹುಡುಕುವವರು ಬೀದಿ ಗೊತ್ತುಮಾಡಿಕೊಂಡು ಹೋಗಬೇಕು. ಮನೆ ನಂಬರಿನ ಎದುರಿಗೆ ಹೆಸರು, ಹೆಸರಿನ ಎದುರಿಗೆ ಸಿಪಾಯಿ ನಂಬರು, ದರ್ಜೆ, ರೆಜಿಮೆಂಟು, ಅದೃಷ್ಟವಿದ್ದರೆ ಬೆಟಾಲಿಯನ್ ಕೂಡ ಒಂದೇ ಸಾಲಿನಲ್ಲಿ ಇರುತ್ತವೆ.