ಪೇಶಿ, ಮುದ್ದತ್ತು, ಫೈಸಲಾ

(ಹುಮನಾಬಾದಿನಲ್ಲಿ ವಕೀಲರ ಎದುರು ಮಾಡಿದ ಭಾಷಣದ ಬರಹರೂಪ)



ಮಾತನ್ನೇ ವೃತ್ತಿಯಾಗಿಸಿಕೊಂಡವರ ಮುಂದೆ ಮಾತನಾಡಲು ನಿಲ್ಲುವುದು ಸುಲಭವಲ್ಲ. ನಾನು ಕಾನೂನು ಓದಿದವನಲ್ಲ, ಇತಿಹಾಸ ಓದಿದವನು. ಆದ್ದರಿಂದ ಪಾಟೀಸವಾಲು ಏನಿದ್ದರೂ ಚಹಾ ಆದ ಮೇಲೆ ಇರಲಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಿಮ್ಮ ನ್ಯಾಯಾಲಯದ ಆವರಣದಲ್ಲಿ ಒಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ಸುಮ್ಮನೆ ಕುಳಿತರೆ ಸಾಕು, ಈ ಊರಿನ ಐನೂರು ವರ್ಷಗಳ ಚರಿತ್ರೆ ಕಿವಿಗೆ ಬೀಳುತ್ತದೆ. ಕಕ್ಷಿದಾರ ತನ್ನ ಕೇಸಿನ ದಿನವನ್ನು ‘ಪೇಶಿ’ ಎನ್ನುತ್ತಾನೆ. ‘ಪೇಶ್’ ಎಂದರೆ ಫಾರ್ಸಿಯಲ್ಲಿ ಮುಂದೆ, ಎದುರಿಗೆ. ಸಾಹೇಬರ ಎದುರಿಗೆ ನಿಲ್ಲುವ ದಿನವೇ ಪೇಶಿ. ಮುಂದೂಡಿದರೆ ಅದು ಮುದ್ದತ್ತು. ತೀರ್ಪು ‘ಫೈಸಲಾ’, ಅಂದರೆ ಬೇರ್ಪಡಿಸುವುದು, ಇದು ಇವನದು ಅದು ಅವನದು ಎಂದು. ಹಿಂದೆ ಮುನ್ಸೀಫರಿದ್ದರು, ಆ ಶಬ್ದದ ಬೇರು ಅರಬ್ಬಿಯ ‘ನಿಸ್ಫ್’, ಅಂದರೆ ಅರ್ಧ. ಸರಿಯಾಗಿ ಅರ್ಧಕ್ಕೆ ಹಂಚಬಲ್ಲವನು ಮುನ್ಸೀಫ. ಇನ್ನು ‘ವಕೀಲ’ನೆಂದರೆ, ಒಬ್ಬರು ನಂಬಿ ತಮ್ಮ ಕೆಲಸ ಒಪ್ಪಿಸಿದವನು. ಕಾನೂನಿನ ಪಾಂಡಿತ್ಯ ಆ ಶಬ್ದದ ಅರ್ಥದೊಳಗೆ ಇಲ್ಲವೇ ಇಲ್ಲ, ನಂಬಿಕೆ ಮಾತ್ರ ಇದೆ. 1961ರ ಅಧಿನಿಯಮ ವಕೀಲ, ಪ್ಲೀಡರ್, ಮುಖ್ತಾರ ಎಂಬ ಹಳೆಯ ದರ್ಜೆಗಳನ್ನು ಅಳಿಸಿ ಎಲ್ಲರನ್ನೂ ಅಡ್ವೋಕೇಟ್ ಎಂಬ ಒಂದೇ ಹೆಸರಿಗೆ ತಂದಿತು. ಆದರೂ ಚಿಟಗುಪ್ಪದಿಂದಲೋ ಹಳ್ಳಿಖೇಡದಿಂದಲೋ ಬರುವ ರೈತ ನಿಮ್ಮನ್ನು ‘ವಕೀಲ ಸಾಬ್’ ಎಂದೇ ಕರೆಯುತ್ತಾನೆ. ಅವನು ಸರಿಯಾಗಿಯೇ ಕರೆಯುತ್ತಾನೆ ಎಂದು ನನ್ನ ಅಭಿಪ್ರಾಯ.

ಆದರೆ ಈ ನೆಲದ ಕಾನೂನಿನ ಕಥೆ ಫಾರ್ಸಿ ಶಬ್ದಗಳಿಂದ ಶುರುವಾಗುವುದಿಲ್ಲ. ಇಲ್ಲಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಸಿಗುವ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126), ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ‘ಮಿತಾಕ್ಷರ’. ಹೆಸರಿನ ಅರ್ಥ ಅಳತೆಯ ಅಕ್ಷರ, ಮಿತವಾದ ಮಾತು. ಇಂದಿನ ಕೆಲವು ವಾದಪತ್ರಗಳನ್ನು ನೋಡಿದಾಗ ಆ ಹೆಸರು ನೆನಪಾಗುವುದುಂಟು; ಅದಿರಲಿ. ಕೃತಿಯ ಕೊನೆಗೆ ವಿಜ್ಞಾನೇಶ್ವರ ಕಲ್ಯಾಣ ನಗರವನ್ನು ಹೊಗಳಿದ್ದಾನೆ, ದೊರೆಯನ್ನು ಹೊಗಳಿದ್ದಾನೆ, ಜತೆಗೆ ತನ್ನನ್ನೂ ಬಿಟ್ಟಿಲ್ಲ. ಈ ಗುಣ ನಿಮ್ಮ ವೃತ್ತಿಯಲ್ಲಿ ಅಪರಿಚಿತವೇನಲ್ಲ.

ಅದರ ವ್ಯವಹಾರ ಭಾಗವನ್ನು ಓದಿದರೆ ನಿಮ್ಮ ನಿತ್ಯದ ಕೆಲಸವೇ ಕಣ್ಣಿಗೆ ಕಟ್ಟುತ್ತದೆ. ವ್ಯಾಜ್ಯಕ್ಕೆ ನಾಲ್ಕು ಪಾದಗಳು: ವಾದಿಯ ಹೇಳಿಕೆ, ಪ್ರತಿವಾದಿಯ ಉತ್ತರ, ಸಾಕ್ಷ್ಯ, ನಿರ್ಣಯ. ಮನುಷ್ಯ ಕೊಡಬಹುದಾದ ಪ್ರಮಾಣ ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಅಂದರೆ ಕಾಗದಪತ್ರ, ಕಬ್ಜಾ, ಕಂಡವರ ಮಾತು. ಒಂಬೈನೂರು ವರ್ಷಗಳಾದರೂ ಜಮೀನಿನ ದಾವೆಯಲ್ಲಿ ನೀವು ಕೇಳುವುದು ಈ ಮೂರನ್ನೇ ಅಲ್ಲವೆ?

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಬಂಗಾಳದ ಆಚೆಗಿನ ಬಹುಪಾಲು ಹಿಂದೂಗಳ ಆಸ್ತಿ ಹಂಚಿಕೆಗೆ ಕಲ್ಯಾಣದ ಈ ಗ್ರಂಥವೇ ಆಧಾರವಾಯಿತು. ಕಲ್ಕತ್ತೆಯಲ್ಲಿ, ಮದರಾಸಿನಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ಅದರ ಒಂದೊಂದು ಸಾಲಿನ ಮೇಲೆ ಬ್ಯಾರಿಸ್ಟರುಗಳು ವಾದಿಸಿದರು. ಆ ವಾದಗಳಲ್ಲಿ ಒಂದು ನಷ್ಟವೂ ಆಯಿತು. ಹೆಣ್ಣಿಗೆ ವಾರಸಿನಿಂದ, ಪಾಲಿನಿಂದ, ಖರೀದಿಯಿಂದ ಬಂದದ್ದೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ವಿಶಾಲವಾಗಿ ಅರ್ಥ ಮಾಡಿದ್ದ. ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ವಾರಸಿನಿಂದ ಬಂದ ಆಸ್ತಿ ಅವಳ ಸ್ವಂತದ್ದಲ್ಲ ಎಂದಿತು. ಹಾಗೆಂದು ಅವನನ್ನು ಸ್ತ್ರೀಪರ ಸುಧಾರಕನೆಂದು ಮೆರೆಸುವುದೂ ಬೇಡ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಅವನ ತತ್ವ ಗಂಡುಮಕ್ಕಳಿಗಷ್ಟೇ ಇತ್ತು.

ಆ ತತ್ವದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಸಿಕ್ಕಿದ್ದು ನಿನ್ನೆ ಮೊನ್ನೆ. ಆಂಧ್ರದಲ್ಲಿ 1986ರ ತಿದ್ದುಪಡಿಯಿಂದ, ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಅದೂ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. ನಮ್ಮಲ್ಲಿ ಜಹೀರಾಬಾದಿಗೂ ಹುಮನಾಬಾದಿಗೂ ಹೆಣ್ಣು ಕೊಟ್ಟು ತರುವ ಮನೆಗಳಿವೆ. ಗಡಿಯ ಆ ಬದಿಯ ತವರಿನಲ್ಲಿ ಮಗಳಿಗೆ ಪಾಲು, ಈ ಬದಿಯ ತವರಿನಲ್ಲಿ ಇಲ್ಲ ಎಂಬ ಸ್ಥಿತಿ ಕೆಲವು ವರ್ಷ ಇತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ದಿನ ತಂದೆ ಬದುಕಿರಲೇಬೇಕೆ ಎಂಬ ತಕರಾರನ್ನು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ‘ಬೇಕಿಲ್ಲ’ ಎಂದು ಮುಗಿಸಿತು. ಆ ತೀರ್ಪು ಮಿತಾಕ್ಷರದ ಕೂಡುಕುಟುಂಬದ ಚರ್ಚೆಯ ಮೇಲೆಯೇ ನಿಂತಿದೆ. ಕಲ್ಯಾಣದಲ್ಲಿ ಬರೆದದ್ದು ದಿಲ್ಲಿಗೆ ಹೋಗಿ, ನಿಮ್ಮ ಪಾಲಿನ ದಾವೆಗಳ ಫೈಲಿನೊಳಗೆ ಮರಳಿ ಬಂದಿದೆ ಎನ್ನಿ.

ಇನ್ನು ನಿಜಾಮರ ಕಾಲ. ಆಗ ಇದು ಒಂದೇ ಕಾನೂನಿನ ಸೀಮೆಯಾಗಿರಲಿಲ್ಲ. ಸರ್ಕಾರದ ನೇರ ಆಡಳಿತದ ‘ದಿವಾನಿ’ ಹಳ್ಳಿಗಳು ಬೇರೆ, ಪಾಯಗಾ ಅಮೀರರ ಹಳ್ಳಿಗಳು ಬೇರೆ, ಜಾಗೀರುಗಳು ಬೇರೆ. ಚಿಟಗುಪ್ಪ ಪಾಯಗಾ, ಕಲ್ಯಾಣಿ ಒಬ್ಬ ನವಾಬರ ಜಾಗೀರು. ದೊಡ್ಡ ಜಾಗೀರುದಾರರಿಗೆ ನ್ಯಾಯ ತೀರ್ಮಾನದ ಅಧಿಕಾರವೂ ಇತ್ತು. ಕಂದಾಯ ಕಟ್ಟಿಸಿಕೊಳ್ಳುವವನ ಮನೆಯವರೇ ಫೈಸಲಾ ಹೇಳುವಾಗ ಕಂದಾಯದ ತಕರಾರು ಏನಾಗುತ್ತಿತ್ತೆಂದು ವಕೀಲರಿಗೆ ಬಿಡಿಸಿ ಹೇಳಬೇಕಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು.

ಭಾಷೆಯ ಮಾತು ಇನ್ನೂ ವಿಚಿತ್ರ. 1880ರ ದಶಕದಲ್ಲಿ ಆಡಳಿತ ಮತ್ತು ನ್ಯಾಯಾಲಯಗಳ ಭಾಷೆ ಫಾರ್ಸಿಯಿಂದ ಉರ್ದುವಿಗೆ ಬಂತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲೇ ಕೊಟ್ಟಿತು. ಒಂದು ಭಾರತೀಯ ಭಾಷೆಯಲ್ಲಿ ಇಷ್ಟು ದೊಡ್ಡ ಪ್ರಯೋಗ ಮಾಡಿದ್ದಕ್ಕೆ ನಿಜಾಮರ ಸರ್ಕಾರವನ್ನು ಮೆಚ್ಚಲೇಬೇಕು. ಆದರೆ ಬೀದರ ಜಿಲ್ಲೆಯ ಒಕ್ಕಲಿಗ ಮನೆಯಲ್ಲಿ ಆಡುತ್ತಿದ್ದುದು ಕನ್ನಡ, ಮರಾಠಿ ಇಲ್ಲವೆ ತೆಲುಗು. ಸಾಕ್ಷಿ ಹೇಳಿದ್ದು ಒಂದು ಭಾಷೆ, ಬರೆದುಕೊಂಡದ್ದು ಇನ್ನೊಂದು. ಹೆಬ್ಬೆಟ್ಟು ಒತ್ತಿದವನಿಗೆ ತಾನು ಯಾವುದಕ್ಕೆ ಒತ್ತಿದೆ ಎಂದು ಹೇಳಬೇಕಾದವನು ವಕೀಲ. ಅಂದರೆ ವಕೀಲನ ಅರ್ಧ ಕೆಲಸ ದುಭಾಷಿಯದಾಗಿತ್ತು.

ಅಂಥ ವಕೀಲರೇ ಚಳವಳಿಗೂ ಇಳಿದರು. ಆಗ ಬೀದರ ಜಿಲ್ಲೆಯಲ್ಲಿದ್ದ ಉದಗೀರಿನ ವಕೀಲ, ಆರ್ಯಸಮಾಜದ ಭಾಯಿ ಶ್ಯಾಮಲಾಲರು 1938ರಲ್ಲಿ ಬೀದರಿನ ಜೈಲಿನಲ್ಲಿ ತೀರಿಕೊಂಡರು. 1947-48ರಲ್ಲಿ ರಜಾಕಾರರ ಹಾವಳಿಯನ್ನು ವಿರೋಧಿಸಿ ಸಂಸ್ಥಾನದ ಅನೇಕ ವಕೀಲರು ಕೋರ್ಟುಗಳನ್ನೇ ಬಹಿಷ್ಕರಿಸಿದರು. 1948ರ ಗೋರ್ಟಾದ ಹತ್ಯಾಕಾಂಡ ಈ ಸೀಮೆಯ ನೆನಪಿನಲ್ಲಿದೆ. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಬೀದರವೂ ಬಹಳ ನೊಂದ ಜಿಲ್ಲೆಗಳಲ್ಲಿ ಒಂದೆಂದು ಸುಂದರಲಾಲ್ ಸಮಿತಿ ವರದಿ ಮಾಡಿತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಜವಾಬು ಕೇಳದೆ ಕೊಟ್ಟ ಡಿಕ್ರಿಯಾದೀತು.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿಗೆ ಹೋದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಜಹೀರಾಬಾದಿನ ನಿರ್ಣಾ ಸರ್ಕಲು ಮಾತ್ರ ನಮ್ಮಲ್ಲಿ ಉಳಿಯಿತು. ಕನ್ನಡಿಗರಿಗೆ ಸಂತೋಷದ ದಿನ, ಸಂಶಯವಿಲ್ಲ. ಆದರೆ ಮೇಲ್ಮನವಿ ಹಾಕುವ ಕಕ್ಷಿದಾರನ ಲೆಕ್ಕ ಬೇರೆ. ಅಲ್ಲಿಯವರೆಗೆ ಅವನ ಹೈಕೋರ್ಟು ಇದ್ದುದು ಹೈದರಾಬಾದಿನಲ್ಲಿ, ಸುಮಾರು 160 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ವಕೀಲರ ಮನೆ. ಮರುದಿನದಿಂದ ಅದು ಬೆಂಗಳೂರಿಗೆ ಹೋಯಿತು, ಆರುನೂರು ಕಿಲೋಮೀಟರಿಗೂ ಆಚೆ. ಎರಡು ಎಕರೆ ಹೊಲದ ತಕರಾರಿಗೆ ಅಷ್ಟು ದೂರ ಹೋಗಿ, ಲಾಡ್ಜಿನಲ್ಲಿ ಉಳಿದು, ‘ಇವತ್ತು ನಿಮ್ಮ ಕೇಸು ಬರಲಿಲ್ಲ’ ಎಂದು ಕೇಳಿಸಿಕೊಂಡು ಮರಳುವುದೆಂದರೆ ಏನು? ಎಷ್ಟೋ ಜನ ಹೋಗಲೇ ಇಲ್ಲ. ಕೆಳಗಿನ ತೀರ್ಪು ತಪ್ಪಿರಲಿ ಒಪ್ಪಿರಲಿ, ದೂರವೇ ಅದನ್ನು ಕಾಯಂ ಮಾಡಿತು.

ಈ ದೂರ ಕಡಿಮೆಯಾಗಲು 52 ವರ್ಷ ಬೇಕಾಯಿತು. ಉತ್ತರ ಕರ್ನಾಟಕದ ವಕೀಲರು ಹೈಕೋರ್ಟ್ ಪೀಠಕ್ಕಾಗಿ ವರ್ಷಗಟ್ಟಲೆ ಹೋರಾಡಿದರು, ಕಲಾಪ ಬಹಿಷ್ಕರಿಸಿದರು. 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟಿನಲ್ಲಿ ಕಾಯಂ ಆದವು. ಕಲಬುರಗಿ ಇಲ್ಲಿಂದ ಅರವತ್ತು ಕಿಲೋಮೀಟರಿನ ಆಸುಪಾಸು. 2017ರಿಂದ ಬೀದರ-ಕಲಬುರಗಿ ರೈಲೂ ಹುಮನಾಬಾದಿನ ಮೇಲೆ ಓಡುತ್ತಿದೆ. ಕಕ್ಷಿದಾರ ಈಗ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಲ್ಲ. ಸ್ವಾತಂತ್ರ್ಯಾನಂತರ ವಕೀಲರ ಸಂಘಗಳು ಈ ಭಾಗಕ್ಕೆ ಮಾಡಿದ ಅತಿ ದೊಡ್ಡ ಉಪಕಾರ ಇದೆಂದು ನಾನು ತಿಳಿದಿದ್ದೇನೆ.

ಅದೇ ಬಾಯಿಂದ ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಬಹಿಷ್ಕಾರದ ಅಸ್ತ್ರ ಒಮ್ಮೆ ಕೈಗೆ ಬಂದರೆ ಸಣ್ಣ ಕಾರಣಕ್ಕೂ ಹೊರಬರುತ್ತದೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಹೇಳಿದೆ. ಕಾನೂನು ಹಾಗಿರಲಿ, ಪೇಶಿಗೆಂದು ಕೂಲಿ ಬಿಟ್ಟು ಬಂದವಳಿಗೆ ಬಸ್ ಚಾರ್ಜನ್ನು ಯಾವ ಸಂಘವೂ ಮರಳಿಸುವುದಿಲ್ಲ. ನಿಮ್ಮ ಮೇಲೆ ಹಲ್ಲೆಯಾದಾಗ ನೀವು ಸಿಟ್ಟಾಗುವುದು ಸಹಜ. ಅದಕ್ಕಾಗಿ ರಾಜ್ಯದಲ್ಲಿ 2023ರ ಅಧಿನಿಯಮವೇ ಬಂದಿದೆ. ಹಾಗೆ ಬಂದ ಮೇಲೆ ಕೋರ್ಟು ಬಿಟ್ಟು ಹೊರಬರುವ ಕಾರಣಗಳು ಕಡಿಮೆಯಾಗಬೇಕಲ್ಲವೆ?

ಕಿರಿಯ ವಕೀಲರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸೀನಿಯರ್ ಹತ್ತಿರ ಎರಡು ಮೂರು ವರ್ಷ ಫೈಲು ಹೊತ್ತು, ಕೈಗೆ ಪೆಟ್ರೋಲ್ ಖರ್ಚಿನಷ್ಟೂ ಸಿಗದೆ, ಕೊನೆಗೆ ಬೇರೆ ನೌಕರಿ ಹುಡುಕುವವರು ಇದ್ದಾರೆ. ಅದರ ಮೇಲೆ 2024ರ ಜುಲೈ 1ರಿಂದ ಹಳೆಯ ಮೂರು ದೊಡ್ಡ ಕಾನೂನುಗಳು ಹೋಗಿ ಹೊಸವು ಬಂದವು. ಬಾಯಿಪಾಠವಾಗಿದ್ದ 302 ಈಗ 103, ಬೈಗುಳವೇ ಆಗಿಹೋಗಿದ್ದ 420 ಈಗ 318. ಹಿರಿಯರೂ ಕಿರಿಯರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯಬೇಕಾಯಿತು. ಸಂಘದ ಕೋಣೆಗೆ ಅದರಿಂದ ಒಳ್ಳೆಯದೇ ಆಗಿರಬೇಕು.

ನಾನು ಇವತ್ತು ಬಂದದ್ದು ಮುಖ್ಯವಾಗಿ ಇನ್ನೊಂದು ಮಾತಿಗೆ. ಈ ಜಿಲ್ಲೆಯ ಎಷ್ಟೋ ಜಮೀನುಗಳ ಮೂಲ ಕಾಗದ ಇನ್ನೂ ಉರ್ದುವಿನಲ್ಲಿದೆ. ಸೇತ್ವಾರ್, ಖಾಸ್ರಾ ಪಹಣಿ, 1950ರ ಹೈದರಾಬಾದ್ ಗೇಣಿ ಕಾಯಿದೆಯ ಸಂರಕ್ಷಿತ ಕೌಲುದಾರರ ಪಟ್ಟಿ, ಹಳೆಯ ಫೈಸಲಾಗಳ ನಕಲು. ಬರವಣಿಗೆ ಅಚ್ಚಿನ ಹಾಗಿಲ್ಲ. ಗುಮಾಸ್ತನ ಅವಸರದ ಶಿಕಸ್ತಾ, ಚುಕ್ಕೆಗಳಿಲ್ಲದೆ ಒಂದಕ್ಕೊಂದು ಹೆಣೆದ ಅಕ್ಷರ. ಮದರಸಾದಲ್ಲೋ ಶಾಲೆಯಲ್ಲೋ ಚೆನ್ನಾಗಿ ಉರ್ದು ಕಲಿತ ಹುಡುಗನೂ ಇದನ್ನು ಕೂಡಲೇ ಓದಲಾರ. ತಾರೀಖು ಫಸಲಿಯಲ್ಲಿ, ತಿಂಗಳು ಆಜೂರ್, ದೈ, ಬಹಮನ್ ಎಂದು. ಫಸಲಿಗೆ 590 ಕೂಡಿಸಿದರೆ ಇಸವಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹೈದರಾಬಾದಿನ ಹಳೆಯ ಫಸಲಿ ವರ್ಷ ಆಜೂರ್‌ನಿಂದ, ಅಂದರೆ ಅಕ್ಟೋಬರಿನಿಂದ ಶುರು. ಜನವರಿಯಿಂದ ಸೆಪ್ಟೆಂಬರಿನವರೆಗಿನ ಕಾಗದಕ್ಕೆ 591 ಕೂಡಿಸಬೇಕು. ಹನ್ನೆರಡು ವರ್ಷದ ಕಬ್ಜಾ ಪ್ರಶ್ನೆಯಲ್ಲಿ ಒಂದು ವರ್ಷ ಆಚೀಚೆಯಾದರೆ ಹೊಲ ಉಳಿಯುತ್ತದೋ ಹೋಗುತ್ತದೋ ನೀವೇ ಹೇಳಿ.

ಮೂವತ್ತು ವರ್ಷ ದಾಟಿದ, ಸರಿಯಾದ ಕೈಯಿಂದ ಬಂದ ದಸ್ತಾವೇಜಿಗೆ ಸಾಕ್ಷ್ಯ ಕಾನೂನು ಒಂದು ಗೌರವ ಕೊಡುತ್ತದೆ. ಆದರೆ ಓದಲು ಬಾರದ ಕಾಗದಕ್ಕೆ ಯಾವ ಕಾನೂನು ಏನು ಕೊಟ್ಟೀತು? ಓದಬಲ್ಲವನೊಬ್ಬ ಏನು ಹೇಳುತ್ತಾನೋ ಅದೇ ಸತ್ಯವಾಗುತ್ತದೆ. ತರ್ಜುಮೆಯನ್ನು ತಾಳೆ ನೋಡುವವರು ಇಲ್ಲ. ನಿಜಾಮರ ಕಾಲದಲ್ಲಿ ಹೆಬ್ಬೆಟ್ಟು ಒತ್ತಿದವನ ಮೊಮ್ಮಗ ಇಂದು ಪದವಿ ಪಡೆದಿದ್ದಾನೆ, ಆದರೆ ಅದೇ ಕಾಗದದ ಮುಂದೆ ಅವನೂ ನಿರಕ್ಷರಿ.

ಈ ಲಿಪಿ ಬಲ್ಲ ಹಿರಿಯ ವಕೀಲರು, ನಿವೃತ್ತ ಗುಮಾಸ್ತರು ಈ ತಾಲೂಕುಗಳಲ್ಲಿ ಇನ್ನೂ ಉಳಿದಿದ್ದಾರೆ. ಅವರ ವಯಸ್ಸನ್ನು ನಾನು ಹೇಳುವುದಿಲ್ಲ, ನಿಮಗೇ ಗೊತ್ತು. ಎರಡನೆಯ ಶನಿವಾರ ಕೋರ್ಟು ಇರುವುದಿಲ್ಲ. ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕಿ, ಅವರಲ್ಲಿ ಒಬ್ಬರನ್ನು ಮನೆಯಿಂದ ಕರೆತಂದು ಕೂರಿಸಿ. ನಾಲ್ಕು ಜನ ಕಿರಿಯರು ತಮ್ಮ ಫೈಲಿನ ಹಳೆಯ ಕಾಗದ ತರಲಿ. ಅವರು ಓದಲಿ, ಇವರು ಕನ್ನಡದಲ್ಲಿ ಬರೆದುಕೊಳ್ಳಲಿ, ಪದಕ್ಕೆ ಪದ. ಮೊದಲ ದಿನಕ್ಕೆ ಒಂದು ಸೇತ್ವಾರ್ ಸಾಕು. ನನ್ನ ಬಳಿಯೂ ಅಂಥ ಎರಡು ಕಾಗದಗಳಿವೆ, ತಂದಿದ್ದೇನೆ. ಚಹಾ ಬರುವಷ್ಟರಲ್ಲಿ ಯಾರಾದರೂ ಓದಿ ಹೇಳುವಿರಾದರೆ ಇಲ್ಲಿಯೇ ತೆಗೆಯುತ್ತೇನೆ.